ಕೂಸಿನ ಉದ್ದ ಅಳೆಯುವ ಹಲಗೆ

ಇನ್ಫ್ಯಾಂಟೋಮೀಟರ್ ಎಂಬ ಹೆಸರು ಕೇಳಿದರೆ ದೊಡ್ಡ ಯಂತ್ರವೇನೋ ಎನಿಸುತ್ತದೆ. ಇರುವುದು ಒಂದು ಹಲಗೆ. ಒಂದು ತುದಿಯಲ್ಲಿ ಕದಲದ ತಲೆಪಟ್ಟಿ, ಇನ್ನೊಂದು ತುದಿಯಿಂದ ಜಾರಿ ಬರುವ ಪಾದಪಟ್ಟಿ, ನಡುವೆ ಮಿಲಿಮೀಟರ್ ಗೆರೆಗಳು. 2018ರಲ್ಲಿ ಪೋಷಣ್ ಅಭಿಯಾನ ಶುರುವಾದ ಮೇಲೆ ಅಂಗನವಾಡಿಗಳಿಗೆ ತೂಕದ ಯಂತ್ರಗಳ ಜೊತೆ ಇದೂ ಬಂತು. ಕಾಳಗಿಯಾಗಲಿ, ಸೇಡಂ, ಚಿಂಚೋಳಿಯಾಗಲಿ, ಎರಡು ವರ್ಷದೊಳಗಿನ ಕೂಸಿನ ಉದ್ದ ನೋಡಬೇಕಾದರೆ ಇದರ ಮೇಲೆಯೇ ಮಲಗಿಸಬೇಕು. ಮನುಷ್ಯ ಹೇಗೆ ಬೆಳೆಯುತ್ತಾನೆ ಎಂಬ ಬಗ್ಗೆ ಕಟ್ಟಿದ ಸಿದ್ಧಾಂತಗಳಲ್ಲಿ ಬಹಳಷ್ಟು, ಯಾರನ್ನು ಅಳೆದರು, ಎಷ್ಟು ಸಲ ಅಳೆದರು, ಎಷ್ಟು ದಿನ ಬಿಟ್ಟು ಅಳೆದರು ಎಂಬುದರ ಮೇಲೆ ನಿಂತಿವೆ. ಅದನ್ನು ತಿಳಿಯಲು ಈ ಹಲಗೆಗಿಂತ ಒಳ್ಳೆಯ ಜಾಗ ಇಲ್ಲ.

ಹಲಗೆ ಅಲ್ಲಾಡಬಾರದು. ನಮ್ಮ ಕಡೆಯ ಶಹಾಬಾದಿ ಫರಸಿಯ ನೆಲ ಅದಕ್ಕೆ ಹೇಳಿ ಮಾಡಿಸಿದಂತಿದೆ. ಕೂಸಿನ ಕುಲಾವಿ ತೆಗೆಯಬೇಕು, ನೆತ್ತಿಯ ಮೇಲೆ ಜುಟ್ಟು ಕಟ್ಟಿದ್ದರೆ ಬಿಚ್ಚಬೇಕು, ಕಾಲುಚೀಲ ಕಳಚಬೇಕು. ಅಳೆಯಲು ಇಬ್ಬರು ಬೇಕು. ಒಬ್ಬರು ತಲೆಯ ಕಡೆ ಕೂತು, ಎರಡೂ ಅಂಗೈಗಳಲ್ಲಿ ಕಿವಿಯ ಮೇಲ್ಭಾಗ ಹಿಡಿದು, ನೆತ್ತಿ ತಲೆಪಟ್ಟಿಗೆ ತಾಗುವಂತೆ ಮಾಡುತ್ತಾರೆ. ಕೂಸಿನ ದೃಷ್ಟಿ ನೇರ ಮೇಲಕ್ಕಿರಬೇಕು. ಕಿವಿಯ ರಂಧ್ರದಿಂದ ಕಣ್ಣಿನ ಕೆಳಗಿನ ಎಲುಬಿನ ಅಂಚಿಗೆ ಎಳೆದ ಗೆರೆ ಹಲಗೆಗೆ ಲಂಬವಾಗಿರಬೇಕು. ಗದ್ದ ಎದೆಗೆ ಅಂಟಿದರೆ ಅಳತೆ ತಪ್ಪುತ್ತದೆ, ಹಿಂದಕ್ಕೆ ಬಾಗಿದರೂ ತಪ್ಪುತ್ತದೆ. ಇನ್ನೊಬ್ಬರು ಒಂದು ಕೈಯಲ್ಲಿ ಮೊಣಕಾಲುಗಳನ್ನು ಮೆಲ್ಲಗೆ ಒತ್ತಿ ಕಾಲು ನೀಳ ಮಾಡಿ, ಇನ್ನೊಂದು ಕೈಯಲ್ಲಿ ಪಾದಪಟ್ಟಿಯನ್ನು ಅಂಗಾಲಿಗೆ ತಾಗಿಸುತ್ತಾರೆ.

"ಅಕ್ಕೋರೆ, ಕೂಸಿಗೆ ನೋವಾಗಂಗಿಲ್ಲೇನ್ರಿ?" ಎಂದು ತಾಯಿ ಕೇಳುತ್ತಾಳೆ. "ಇಲ್ಲವ್ವಾ, ಒಂದೇ ಚಣ. ನೀನು ಅದರ ಮುಖ ನೋಡಿಕೋತ ಮಾತಾಡು." ಕೂಸು ಕಾಲು ಝಾಡಿಸುವುದನ್ನು ನಿಲ್ಲಿಸಿದ ಆ ಒಂದು ಕ್ಷಣದಲ್ಲಿ ಗೆರೆ ಓದಿಬಿಡಬೇಕು. ಟೀಚರ್ ಒಬ್ಬರೇ ಇದ್ದು, ಸಹಾಯಕಿ ಅಡುಗೆಯಲ್ಲಿದ್ದು, ತಲೆ ಹಿಡಿಯುವ ಕೆಲಸ ಅಳುವ ಕೂಸಿನ ಅಜ್ಜಿಗೆ ಬಿದ್ದರೆ ಸೆಂಟಿಮೀಟರಿನ ಹೆಚ್ಚುಕಡಿಮೆ ಆಗುವುದು ಸಹಜ. ತಿಂಗಳಿಗೊಮ್ಮೆ ಅಳೆಯುವ ಕೂಸು ಎರಡನೇ ವರ್ಷದಲ್ಲಿ ತಿಂಗಳಿಗೆ ಬೆಳೆಯುವುದೇ ಸುಮಾರು ಒಂದು ಸೆಂಟಿಮೀಟರ್. ಅಳತೆಯ ತಪ್ಪು ಬೆಳವಣಿಗೆಯಷ್ಟೇ ದೊಡ್ಡದಾದಾಗ ಚಾರ್ಟಿನ ಗೆರೆ ಏನನ್ನು ಹೇಳೀತು?

ಚಾರ್ಟಿನ ಆ ಗೆರೆಗಳಿಗಾಗಿ ವಿಶ್ವ ಆರೋಗ್ಯ ಸಂಸ್ಥೆ 1997ರಿಂದ 2003ರವರೆಗೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕಗಳಲ್ಲಿ ಸುಮಾರು 8500 ಮಕ್ಕಳನ್ನು ಅಳೆಯಿತು. ನಮ್ಮ ದೇಶದ ಮಕ್ಕಳು ದಕ್ಷಿಣ ದೆಹಲಿಯವರು. ಅಲ್ಲಿ ಪ್ರತಿ ಕೂಸನ್ನೂ ಇಬ್ಬರು ಬೇರೆಬೇರೆಯಾಗಿ ಅಳೆಯುತ್ತಿದ್ದರು. ಇಬ್ಬರ ಅಳತೆಯಲ್ಲಿ 7 ಮಿಲಿಮೀಟರಿಗಿಂತ ಹೆಚ್ಚು ಅಂತರ ಬಂದರೆ ಮತ್ತೆ ಅಳೆಯಬೇಕಿತ್ತು. ಮಲಗಿಸಿ ಅಳೆದ ಉದ್ದ ನಿಲ್ಲಿಸಿ ಅಳೆದ ಎತ್ತರಕ್ಕಿಂತ ಸರಾಸರಿ 0.7 ಸೆಂಟಿಮೀಟರ್ ಹೆಚ್ಚು ಎಂಬುದೂ ಇಲ್ಲಿಯ ಲೆಕ್ಕಕ್ಕೆ ಸೇರಿತು. ನಿಂತಾಗ ಬೆನ್ನುಮೂಳೆ ಮೈಭಾರಕ್ಕೆ ಕೊಂಚ ಕುಗ್ಗುತ್ತದೆ. ಇಂದು ಅಂಗನವಾಡಿಯ ಚಾರ್ಟಿನಲ್ಲಿರುವ ಗೆರೆಗಳು 2006ರಲ್ಲಿ ಪ್ರಕಟವಾದ ಆ ಅಧ್ಯಯನದವು.

ಆ ಅಧ್ಯಯನ ಎರಡು ದಾರಿ ಹಿಡಿದಿತ್ತು. ಹುಟ್ಟಿನಿಂದ ಎರಡು ವರ್ಷದವರೆಗೆ ಅದೇ ಮಕ್ಕಳ ಬೆನ್ನುಹತ್ತಿ ಮತ್ತೆ ಮತ್ತೆ ಅಳೆದರು. ಮುಂದಿನ ವಯಸ್ಸಿಗೆ ಬೇರೆಬೇರೆ ಮಕ್ಕಳನ್ನು ಹೆಚ್ಚಾಗಿ ಒಂದೊಂದೇ ಸಲ ಅಳೆದರು. ಎರಡನೆಯ ದಾರಿ ಅಗ್ಗ, ಬೇಗ ಮುಗಿಯುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೂ ಹಾಗೆಯೇ. ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ಎಂದು 2019–21ರ ಸುತ್ತು ಹೇಳಿತು. ಎಷ್ಟು ಮಂದಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಆದರೆ ಯಾವ ಕೂಸು ಯಾವ ತಿಂಗಳಲ್ಲಿ ಹಿಂದೆ ಬಿತ್ತು, ಆಮೇಲೆ ಚೇತರಿಸಿಕೊಂಡಿತೇ ಎಂದು ಕೇಳಿದರೆ ಸಮೀಕ್ಷೆಯ ಬಳಿ ಉತ್ತರವಿಲ್ಲ.

ಒಂದೇ ದಿನದ ಅಳತೆಯಲ್ಲಿ ಇನ್ನೊಂದು ಮೋಸವೂ ಇದೆ. ವಾಡಿ ಊರಿನ ಯಾವುದಾದರೂ ಓಣಿಯಲ್ಲಿ ಇಪ್ಪತ್ತರವರನ್ನೂ ಐವತ್ತು ದಾಟಿದವರನ್ನೂ ಅಳೆದು, ಹಿರಿಯರು ಗಿಡ್ಡ ಎಂದು ಕಂಡರೆ, ವಯಸ್ಸಾದಂತೆ ಮೈ ಕುಗ್ಗುತ್ತದೆ ಎಂದಷ್ಟೇ ಬರೆದು ಮುಗಿಸಲು ಬಾರದು. ಆ ಹಿರಿಯರಲ್ಲಿ ಕೆಲವರು 1972ರ ಬರದ ಹೊತ್ತಿಗೆ ಎದೆಹಾಲು ಬಿಡುವ ಕೂಸುಗಳಾಗಿದ್ದವರು. ಅಂಥವರ ಎತ್ತರದಲ್ಲಿ ವಯಸ್ಸಿನ ಪಾಲೆಷ್ಟು, ಆ ಹಸಿವಿನ ಪಾಲೆಷ್ಟು ಎಂದು ಒಂದು ದಿನದ ಟೇಪು ಬಿಡಿಸಿ ಹೇಳಲಾರದು. ಓರಗೆಯವರ ಗುಂಪೊಂದನ್ನು ಹುಟ್ಟಿನಿಂದ ಹಿಂಬಾಲಿಸಿದರೆ ಮಾತ್ರ ಅದು ತಿಳಿಯುತ್ತದೆ.

ಹಿಂಬಾಲಿಸಿ ಅಳೆದ ಹಳೆಯ ದಾಖಲೆ ಫ್ರಾನ್ಸಿನದು. ಮೊಂಬೆಯಾರ್ ಎಂಬಾತ 1759ರಲ್ಲಿ ಹುಟ್ಟಿದ ಮಗನನ್ನು ಹದಿನೆಂಟು ತುಂಬುವವರೆಗೆ ಸುಮಾರು ಆರು ತಿಂಗಳಿಗೊಮ್ಮೆ ಅಳೆದ. ಹದಿಹರೆಯದಲ್ಲಿ ಹುಡುಗ ಧಿಡೀರನೆ ಬೆಳೆಯುವುದು ಆ ಅಂಕಿಗಳಲ್ಲಿ ಇಂದಿಗೂ ಎದ್ದು ಕಾಣುತ್ತದೆ.

1992ರಲ್ಲಿ ಸಂಶೋಧಕಿ ಮಿಶೆಲ್ ಲ್ಯಾಂಪಲ್ ಮತ್ತು ಸಂಗಡಿಗರು ಅಳತೆಗಳ ನಡುವಿನ ಅಂತರವನ್ನೇ ಇಳಿಸಿದರು. 31 ಕೂಸುಗಳನ್ನು ವಾರಕ್ಕೊಮ್ಮೆ, ವಾರಕ್ಕೆ ಎರಡು ಸಲ, ಕೆಲವನ್ನು ದಿನವೂ ಅಳೆದರು. ತಿಂಗಳಿಗೊಮ್ಮೆ ಅಳೆದಾಗ ನುಣುಪಾದ ಏರಿನಂತೆ ಕಾಣುತ್ತಿದ್ದ ಬೆಳವಣಿಗೆ ಈಗ ಮೆಟ್ಟಿಲುಗಳಾಗಿ ಕಂಡಿತು. ಎರಡು ದಿನದಿಂದ ಹಿಡಿದು 63 ದಿನಗಳವರೆಗೆ ಕೂಸು ಬೆಳೆಯುವುದೇ ಇಲ್ಲ. ಆಮೇಲೆ ಒಮ್ಮೆಲೇ ಅರ್ಧದಿಂದ ಎರಡೂವರೆ ಸೆಂಟಿಮೀಟರ್ ಜಿಗಿಯುತ್ತದೆ. ಇದರಲ್ಲಿ ಅಳತೆಯ ತಪ್ಪೂ ಬೆರೆತಿದೆ ಎಂದು ಬೇರೆ ವಿಜ್ಞಾನಿಗಳು ವಾದಿಸಿದರು. ಆ ವಾದ ನ್ಯಾಯವಾದದ್ದೇ. ಆದರೂ ಈ ಪ್ರಯೋಗ ನನ್ನನ್ನು ಬಹಳ ಹಿಡಿದಿಟ್ಟಿದೆ. ಮನುಷ್ಯ ನಿಧಾನ ಏರುತ್ತಾನೋ, ಹಂತ ಹಂತವಾಗಿ ಜಿಗಿಯುತ್ತಾನೋ ಎಂಬುದು ಬೆಳವಣಿಗೆಯ ಶಾಸ್ತ್ರದ ಹಳೆಯ ಜಗಳ. ಮನಶ್ಶಾಸ್ತ್ರಜ್ಞ ಪಿಯಾಜೆ ತನ್ನ ಮೂವರು ಮಕ್ಕಳನ್ನು ದಿನನಿತ್ಯ ಗಮನಿಸಿ, ಬುದ್ಧಿ ಹಂತಗಳಲ್ಲಿ ಬೆಳೆಯುತ್ತದೆ ಎಂದ. ಯಾವ ಸಿದ್ಧಾಂತ ಕೇಳಿದರೂ, ಎರಡು ನೋಟಗಳ ನಡುವೆ ಎಷ್ಟು ದಿನ ಬಿಟ್ಟಿದ್ದರು ಎಂದು ಮೊದಲು ಕೇಳಬೇಕು.

ಹಿಂಬಾಲಿಸಿ ನೋಡಿದ್ದರಿಂದ ನಡೆಯುವ ವಿಷಯದಲ್ಲೂ ಒಂದು ಪಾಠ ಸಿಕ್ಕಿತು. ಅದೇ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿ ಕೂಸುಗಳು ಯಾರ ಆಸರೆಯೂ ಇಲ್ಲದೆ ನಡೆದದ್ದು 8.2 ತಿಂಗಳಿನಿಂದ 17.6 ತಿಂಗಳ ನಡುವೆ. ಅಷ್ಟು ದೊಡ್ಡ ಅಂತರವೂ ಸಹಜವೇ. ಶೇ 4.3ರಷ್ಟು ಮಕ್ಕಳು ಅಂಬೆಗಾಲಿಡದೆಯೇ ನಡೆದರು. "ವರ್ಷ ತುಂಬಿತು, ಇನ್ನೂ ಹೆಜ್ಜಿ ಹಾಕವಲ್ದು" ಎಂದು ಕಳವಳಪಡುವ ಪ್ರತಿ ಮನೆಗೂ ಈ ಅಂಕಿ ಮುಟ್ಟಬೇಕು.

ಹಿಂಬಾಲಿಸುವ ಅಧ್ಯಯನಕ್ಕೆ ಕರ್ನಾಟಕದ ಮಟ್ಟಿಗೆ ಹೆಮ್ಮೆಯ ಉದಾಹರಣೆ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ. 1934ರಿಂದ ಅಲ್ಲಿನ ಹೆರಿಗೆ ಪುಸ್ತಕಗಳಲ್ಲಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ದಶಕಗಳ ನಂತರ, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಹುಡುಕಿ ಹೃದಯ ಪರೀಕ್ಷೆ ಮಾಡಿದರು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಶೇ 11ರಷ್ಟು ಮಂದಿಗೆ ಹೃದ್ರೋಗವಿತ್ತು. ಮೂರು ಕಿಲೋ ಮೇಲೆ ತೂಗಿದ್ದವರಲ್ಲಿ ಶೇ 3. ಹೆರಿಗೆ ಕೋಣೆಯಲ್ಲಿ ಶ್ರದ್ಧೆಯಿಂದ ಬರೆದ ಮೂರು ಅಂಕಿಗಳು ಅರ್ಧ ಶತಮಾನದ ಬಳಿಕ ಮಾತಾಡಿದವು. 1997–98ರಲ್ಲಿ ಅದೇ ಆಸ್ಪತ್ರೆಯಲ್ಲಿ ಗರ್ಭಿಣಿಯರಿಂದಲೇ ಆರಂಭಿಸಿದ ಪಾರ್ಥೆನಾನ್ ಅಧ್ಯಯನ ಅವರ ಮಕ್ಕಳನ್ನು ಹರೆಯದವರೆಗೂ ಹಿಂಬಾಲಿಸಿತು.

ಆದರೆ ಮೈಸೂರಿನಲ್ಲಿ ಹುಡುಕಿದಾಗ ಸಿಕ್ಕ ಆ 517 ಮಂದಿ ಊರು ಬಿಡದೆ ಉಳಿದವರು, ಬದುಕಿ ಉಳಿದವರು. ಹಿಂಬಾಲಿಸುವ ಅಧ್ಯಯನಗಳೆಲ್ಲದರ ನೋವು ಇದು: ಕಳೆದುಹೋಗುವವರು ಉಳಿದವರ ಥರ ಇರುವುದಿಲ್ಲ. ಕಾಳಗಿ, ಚಿಂಚೋಳಿ ಕಡೆಯ ತಾಂಡಾಗಳಲ್ಲಿ ಸುಗ್ಗಿ ಮುಗಿದ ಮೇಲೆ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೊರಡುವ ಮನೆಗಳಿವೆ. ಕಟ್ಟಡದ ಕೆಲಸದ ಪಕ್ಕದ ಶೆಡ್ಡಿನಲ್ಲಿ ಆ ಕೂಸಿನ ನಾಲ್ಕೈದು ತಿಂಗಳು ಕಳೆಯುತ್ತವೆ. ಊರಿನ ಚಾರ್ಟಿನಲ್ಲಿ ಅಷ್ಟು ಜಾಗ ಖಾಲಿ. ಹಿಂದೆ ಬೀಳುವ ಭಯ ಹೆಚ್ಚಿರುವುದೂ ಆ ತಿಂಗಳುಗಳಲ್ಲೇ. ಇಲ್ಲಿ ಉಳಿದ ಮಕ್ಕಳ ಅಂಕಿಯನ್ನಷ್ಟೇ ಕೂಡಿ ಊರಿನ ಸರಾಸರಿ ತೆಗೆದರೆ, ಆಗ ಕಾಣುವ ಊರು ನಿಜವಾದ ಊರಿಗಿಂತ ಗಟ್ಟಿಮುಟ್ಟಾಗಿರುತ್ತದೆ.

2021ರಿಂದ ಬಳಕೆಯಲ್ಲಿರುವ ಪೋಷಣ್ ಟ್ರ್ಯಾಕರಿನಲ್ಲಿ ಕೂಸಿನ ಹೆಸರನ್ನು ಒಂದು ಅಂಗನವಾಡಿಯಿಂದ ಇನ್ನೊಂದಕ್ಕೆ ವರ್ಗಾಯಿಸುವ ಸೌಲಭ್ಯ ಇದೆ. ಅದನ್ನು ಬಳಸಲು ಗುಳೆ ಹೋಗುವ ತಾಯಿಗೆ ತಾನು ಹೋಗುವ ಊರಿನ ಅಂಗನವಾಡಿ ಎಲ್ಲಿದೆ ಎಂದು ಯಾರಾದರೂ ಹೇಳಿರಬೇಕು. ಹೊರಡುವ ವಾರದಲ್ಲಿ ಹಲಗೆಯ ಮೇಲೆ ಒಂದು ಅಳತೆ, ತಾಯಿ ಕಾರ್ಡಿನಲ್ಲಿ ತಾರೀಖಿನ ಸಮೇತ ಅದರ ದಾಖಲೆ, ಮರಳಿದ ವಾರದಲ್ಲೇ ಇನ್ನೊಂದು ಅಳತೆ. ಇಷ್ಟಾದರೂ ಆದರೆ ಆ ಖಾಲಿ ತಿಂಗಳುಗಳಲ್ಲಿ ಕೂಸು ಎಷ್ಟು ಬೆಳೆಯಿತು, ಎಷ್ಟು ಬೆಳೆಯಬೇಕಿತ್ತು ಎಂದು ಲೆಕ್ಕ ಹಾಕಿ, ಅದಕ್ಕೆ ಎರಡನೇ ವರ್ಷ ತುಂಬುವುದರೊಳಗೆ ಹೆಚ್ಚುವರಿ ಊಟ, ಚಿಕಿತ್ಸೆ ಕೊಡಿಸಲು ದಾರಿಯಾಗುತ್ತದೆ.