ಹಂದಿಯ ಜೀವ ಉಳಿಸಿದ ಗುಣವಾಚಕ

ಪರಿಚಯದ ಹುಡುಗಿಯೊಬ್ಬಳು ಮುಂದಿನ ಓದಿಗೆ ಅರ್ಜಿ ಹಾಕುತ್ತಿದ್ದಳು. ಇಂಗ್ಲಿಷಿನಲ್ಲಿ ಒಂದು ಶಿಫಾರಸು ಪತ್ರ ಬರೆದುಕೊಡಿ ಎಂದು ಕೇಳಿಕೊಂಡು ಮನೆಗೆ ಬಂದಳು. ‘ಎಕ್ಸಲೆಂಟ್ ಸ್ಟೂಡೆಂಟ್’ ಎಂದು ಶುರು ಮಾಡಿದೆ. ಅಷ್ಟಕ್ಕೇ ಪೆನ್ನು ನಿಂತಿತು. ಹಿಂದೆ ಬರೆದುಕೊಟ್ಟ ಹತ್ತಾರು ಪತ್ರಗಳಲ್ಲೂ ಇದೇ ಮಾತಿತ್ತಲ್ಲ! ತರಗತಿಗೆ ಅಪರೂಪಕ್ಕೆ ಮುಖ ತೋರಿಸುತ್ತಿದ್ದವನೂ ಎಕ್ಸಲೆಂಟ್, ಪಕ್ಕದವರ ಉತ್ತರ ನೋಡಿ ಬರೆಯುತ್ತಿದ್ದವನೂ ಎಕ್ಸಲೆಂಟ್. ನಿಜವಾಗಿಯೂ ಅಂಥ ವಿದ್ಯಾರ್ಥಿನಿ ಎದುರಿಗೆ ಕುಳಿತಿರುವಾಗ ಅವಳಿಗೆ ಕೊಡಲು ನನ್ನಲ್ಲಿ ಮಾತೇ ಉಳಿದಿರಲಿಲ್ಲ.

ಹೊಗಳಿಕೆಯ ಪದಗಳ ಹಣೆಬರಹವೇ ಇದು. ಹೆಚ್ಚು ಕೈ ಬದಲಾಯಿಸಿದಷ್ಟೂ ನಾಣ್ಯದ ಹಾಗೆ ಸವೆಯುತ್ತವೆ. ಇಂಗ್ಲಿಷಿನ ‘ನೈಸ್’ ಪದವನ್ನೇ ನೋಡಿ. ಇದರ ಮೂಲ ‘ತಿಳಿಯದವನು’ ಎಂಬರ್ಥದ ಲ್ಯಾಟಿನ್ ಪದ. ಫ್ರೆಂಚ್ ಭಾಷೆಯ ಮೂಲಕ ಸುಮಾರು 1300ರ ವೇಳೆಗೆ ಇಂಗ್ಲಿಷಿಗೆ ಬಂದಾಗ ಅದರ ಅರ್ಥ ‘ಪೆದ್ದ’ ಎಂದೇ ಇತ್ತು. ಮುಂದೆ ನಾಜೂಕು, ನಿಖರತೆ ಎಂಬ ಅರ್ಥಗಳನ್ನು ದಾಟಿ ಹದಿನೆಂಟನೆಯ ಶತಮಾನದಲ್ಲಿ ‘ಹಿತವಾದ’ ಎಂಬಲ್ಲಿಗೆ ಬಂದು ನಿಂತಿತು. 1817ರ ಕೊನೆಯಲ್ಲಿ ಹೊರಬಂದ ಜೇನ್ ಆಸ್ಟೆನ್ನಳ ‘ನಾರ್ಥ್ಯಾಂಗರ್ ಅಬೆ’ ಕಾದಂಬರಿಯಲ್ಲಿ, ಕಥಾನಾಯಕಿ ಒಂದು ಪುಸ್ತಕವನ್ನು ‘ನೈಸ್’ ಎಂದಾಗ ನಾಯಕ ಅವಳನ್ನು ಚೆನ್ನಾಗಿ ಗೇಲಿ ಮಾಡುತ್ತಾನೆ. ಹವೆಗೂ ಅದೇ ಪದ, ನಡಿಗೆಗೂ ಅದೇ ಪದ, ಹುಡುಗಿಯರಿಗೂ ಅದೇ ಪದ ಎಂಬುದು ಅವನ ತಕರಾರು. ಅಂದರೆ ಎರಡು ಶತಮಾನಗಳ ಹಿಂದೆಯೇ ಆ ನಾಣ್ಯ ಸವಕಲಾಗಿತ್ತು.

ಬಲವಾದ ಪದಗಳ ಕಥೆ ಇನ್ನೂ ಸ್ವಾರಸ್ಯವಾದದ್ದು. ‘ಟೆರಿಬಲ್’ ಮತ್ತು ‘ಟೆರಿಫಿಕ್’ ಹೆದರಿಸುವುದು ಎಂಬರ್ಥದ ಒಂದೇ ಲ್ಯಾಟಿನ್ ಧಾತುವಿನಿಂದ ಹುಟ್ಟಿದ ದಾಯಾದಿಗಳು. 1667ರಲ್ಲಿ ಪ್ರಕಟವಾದ ‘ಪ್ಯಾರಡೈಸ್ ಲಾಸ್ಟ್’ ಕಾವ್ಯದಲ್ಲಿ ಮಿಲ್ಟನ್ ಸರ್ಪವನ್ನು ವರ್ಣಿಸಲು ಬಳಸಿದ ‘ಟೆರಿಫಿಕ್’ ಎಂಬ ಪದಕ್ಕೆ ಭಯ ಹುಟ್ಟಿಸುವಂಥದು ಎಂದೇ ಅರ್ಥ. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಅದು ಹೊಗಳಿಕೆಯಾಗಿತ್ತು. ದಾಯಾದಿ ‘ಟೆರಿಬಲ್’ ಮಾತ್ರ ಬೈಗುಳದ ಕಡೆಯೇ ಉಳಿಯಿತು. ಭಯಭಕ್ತಿ ಎಂಬರ್ಥದ ಒಂದೇ ಪದದಿಂದ ಬಂದ ‘ಆಫುಲ್’ ಮತ್ತು ‘ಆಸಮ್’ ಕೂಡ ಹೀಗೆಯೇ ಬೇರೆಬೇರೆ ದಾರಿ ಹಿಡಿದವು. ಮೊದಲನೆಯದು ತೆಗಳಿಕೆ, ಎರಡನೆಯದು ಹೊಗಳಿಕೆ. ನಾವೇನೂ ಕಡಿಮೆಯಿಲ್ಲ. ‘ಊಟ ಭಯಂಕರ ಚೆನ್ನಾಗಿತ್ತು’ ಎನ್ನುತ್ತೇವೆ. ಉಂಡವನಿಗೆ ಭಯವಾಯಿತೆ ಎಂದು ಯಾರೂ ಕೇಳುವುದಿಲ್ಲ.

ಹೀಗಾದರೆ ಬರೆಯುವವನು ಏನು ಮಾಡಬೇಕು? ಗುಣವಾಚಕಗಳನ್ನೇ ಬಿಟ್ಟುಬಿಡಬೇಕೆ? ಹಾಗೆಂದವರೂ ಇದ್ದಾರೆ. 1880ರ ಮಾರ್ಚಿಯಲ್ಲಿ ಟೆಕ್ಸಾಸಿನ ಒಬ್ಬ ಶಾಲಾ ಬಾಲಕನಿಗೆ ಬರೆದ ಪತ್ರದಲ್ಲಿ ಮಾರ್ಕ್ ಟ್ವೇನ್, ಗುಣವಾಚಕ ಕೈಗೆ ಸಿಕ್ಕರೆ ಅದನ್ನು ಕೊಂದುಬಿಡು ಎಂದು ಬುದ್ಧಿ ಹೇಳಿದ. ಈ ಮಾತು ಜಗತ್ಪ್ರಸಿದ್ಧ. ಅದರ ಮುಂದಿನ ಮಾತನ್ನು ಮಾತ್ರ ಜನ ಮರೆಯುತ್ತಾರೆ: ಎಲ್ಲವನ್ನೂ ಕೊಲ್ಲಬೇಕೆಂದಲ್ಲ, ಹೆಚ್ಚಿನವನ್ನು ಕೊಂದರೆ ಉಳಿದವಕ್ಕೆ ಬೆಲೆ ಬರುತ್ತದೆ, ಒತ್ತೊತ್ತಾಗಿ ನಿಂತರೆ ಸೊರಗುತ್ತವೆ, ದೂರ ದೂರ ನಿಂತರೆ ಬಲ ಕೊಡುತ್ತವೆ ಎಂಬುದು ಅವನ ಅಭಿಪ್ರಾಯವಾಗಿತ್ತು. ಸಸಿ ನೆಡುವ ನಮ್ಮ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈ ಮಾತಿಗೆ ಅತ್ಯುತ್ತಮ ಪಾಠ ಸಿಗುವುದು ಯಾವ ವ್ಯಾಕರಣ ಗ್ರಂಥದಲ್ಲೂ ಅಲ್ಲ, ಒಂದು ಮಕ್ಕಳ ಕಥೆಯಲ್ಲಿ. ಬರೆದವನು ಅಮೆರಿಕದ ಇ. ಬಿ. ವೈಟ್. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ತನಗೆ ಪಾಠ ಹೇಳಿದ ಪ್ರಾಧ್ಯಾಪಕ ವಿಲಿಯಂ ಸ್ಟ್ರಂಕ್ 1918ರಲ್ಲಿ ಅಚ್ಚು ಹಾಕಿಸಿದ್ದ ಪುಟ್ಟ ಕೈಪಿಡಿಯನ್ನು ಪರಿಷ್ಕರಿಸಿ, 1959ರಲ್ಲಿ ‘ದಿ ಎಲಿಮೆಂಟ್ಸ್ ಆಫ್ ಸ್ಟೈಲ್’ ಎಂದು ಹೊರತಂದವನು ಇವನೇ. ನಾಮಪದ, ಕ್ರಿಯಾಪದಗಳನ್ನು ನಂಬಿ ಬರೆಯಿರಿ, ಗುಣವಾಚಕಗಳನ್ನಲ್ಲ ಎನ್ನುವುದು ಅದರಲ್ಲಿ ಅವನು ಸೇರಿಸಿದ ಉಪದೇಶಗಳಲ್ಲೊಂದು. ಅಂಥವನು ಅದಕ್ಕೆ ಏಳು ವರ್ಷ ಮೊದಲು, 1952ರಲ್ಲಿ, ಗುಣವಾಚಕಗಳು ಒಂದು ಜೀವ ಉಳಿಸಿದ ಕಥೆ ಬರೆದಿದ್ದ. ಅದೇ ‘ಷಾರ್ಲೆಟ್ಸ್ ವೆಬ್’.

ಈ ಕಥೆಗೆ ಹಿನ್ನೆಲೆಯಾಗಿ ಒಂದು ನಿಜವಾದ ಸಾವಿದೆ. ವೈಟ್ ಮೇನ್ ರಾಜ್ಯದ ತನ್ನ ತೋಟದಲ್ಲಿ ಹಂದಿ ಸಾಕಿದ್ದ. ಚಳಿಗಾಲಕ್ಕೆ ಕಡಿಯಲೆಂದೇ ಸಾಕಿದ ಹಂದಿ ಅದು. ಆದರೆ ಕಾಯಿಲೆ ಬಿದ್ದಾಗ ಅದನ್ನು ಉಳಿಸಿಕೊಳ್ಳಲು ಒದ್ದಾಡಿದ. ಆಗಲಿಲ್ಲ. ಆ ಸಂಕಟವನ್ನು 1948ರಲ್ಲಿ ‘ಅಟ್ಲಾಂಟಿಕ್’ ಪತ್ರಿಕೆಯ ಪ್ರಬಂಧವೊಂದರಲ್ಲಿ ತೋಡಿಕೊಂಡ. ಔಷಧದಿಂದ ಉಳಿಯದ ಹಂದಿ ನಾಲ್ಕು ವರ್ಷದ ಬಳಿಕ ಕಥೆಯಲ್ಲಿ ಪದಗಳಿಂದ ಉಳಿಯಿತು.

ಕಥೆಯ ಹಂದಿಮರಿಯ ಹೆಸರು ವಿಲ್ಬರ್. ಕ್ರಿಸ್‌ಮಸ್ ಹೊತ್ತಿಗೆ ಅದು ಮಾಂಸವಾಗಲಿದೆ. ಅದರ ಗೆಳತಿ ಷಾರ್ಲೆಟ್ ಎಂಬ ಜೇಡ ಬಾಗಿಲ ಮೇಲೆ ಬಲೆ ಹೆಣೆದು ಅದರಲ್ಲಿ ಅಕ್ಷರ ಮೂಡಿಸುತ್ತಾಳೆ. ಮೊದಲ ಸಲ ‘ಪಿಗ್’ ಎಂಬ ಪದದ ಹಿಂದೆ ‘ಸಮ್’ ಎಂಬ ಚಿಕ್ಕ ಪದವನ್ನಷ್ಟೇ ಇಡುತ್ತಾಳೆ. ‘ಹಂದಿ ಎಂದರೆ ಇದಪ್ಪಾ ಹಂದಿ’ ಎಂಬ ಧಾಟಿಯ ಮಾತು ಅದು. ಎರಡನೆಯದು ‘ಟೆರಿಫಿಕ್’. ನಾನು ಅಂಥವನಲ್ಲವಲ್ಲ ಎಂದು ವಿಲ್ಬರ್ ಸಂಕೋಚಪಟ್ಟರೆ, ಅಚ್ಚಾದದ್ದನ್ನೆಲ್ಲ ಜನ ನಂಬುತ್ತಾರೆ ಎಂದು ಷಾರ್ಲೆಟ್ ನಗುತ್ತಾಳೆ. ಆದರೆ ನನ್ನ ಮಟ್ಟಿಗೆ ನೀನು ಅಂಥವನೇ ಎಂದೂ ಸೇರಿಸುತ್ತಾಳೆ.

ಮೂರನೆಯ ಪದ ಹುಡುಕುವ ಪ್ರಸಂಗವನ್ನು ಬರೆಯುವವರೆಲ್ಲ ಓದಬೇಕು. ಇಲಿಯೊಂದು ಕಸದ ಗುಂಡಿಯಿಂದ ಪದಗಳನ್ನು ಹೆಕ್ಕಿ ತರುತ್ತದೆ. ಜಾಹೀರಾತಿನಿಂದ ಹರಿದು ತಂದದ್ದು ‘ಕ್ರಂಚಿ’, ಎಂದರೆ ಗರಿಗರಿ. ಬೇಡವೇ ಬೇಡ ಎನ್ನುತ್ತಾಳೆ ಷಾರ್ಲೆಟ್. ಯಜಮಾನನಿಗೆ ಹಂದಿಯ ಗುಣ ಕಾಣಬೇಕೇ ಹೊರತು ಬಾಯಲ್ಲಿ ನೀರೂರಬಾರದು. ಅಂಗಿಯ ಚೀಟಿಯ ಮೇಲಿದ್ದ ‘ಪ್ರೀ-ಶ್ರಂಕ್’, ಅಂದರೆ ಒಗೆದರೆ ಕುಗ್ಗದು ಎಂಬುದೂ ಹಂದಿಗೆ ಒಪ್ಪುವುದಿಲ್ಲ. ಸೋಪಿನ ಪುಡಿಯ ಪೊಟ್ಟಣದಲ್ಲಿ ‘ರೇಡಿಯಂಟ್’ ಸಿಗುತ್ತದೆ. ಅದನ್ನೂ ಅವಳು ಕಣ್ಣು ಮುಚ್ಚಿ ಒಪ್ಪುವುದಿಲ್ಲ. ಓಡು ನೋಡೋಣ, ನೆಗೆ ನೋಡೋಣ ಎಂದು ವಿಲ್ಬರ್‌ನನ್ನು ಕುಣಿಸಿ, ಪದ ಅವನ ಮೈಗೆ ಹೊಂದುತ್ತದೆಯೇ ಎಂದು ಪರೀಕ್ಷಿಸಿದ ನಂತರವೇ ಹೆಣೆಯುತ್ತಾಳೆ. ಅಂಗಿ ಹೊಲಿಯುವ ದರ್ಜಿ ಅಳತೆ ತೆಗೆದುಕೊಂಡ ಹಾಗೆ.

ಕೊನೆಯ ಪದ ಜಾತ್ರೆಯಂಥ ಪ್ರದರ್ಶನದಲ್ಲಿ ಹೆಣೆದದ್ದು: ‘ಹಂಬಲ್’. ಹೆಮ್ಮೆಯಿಲ್ಲದವನು ಎಂಬುದೂ ಸರಿ, ನೆಲಕ್ಕೆ ಹತ್ತಿರದವನು ಎಂಬುದೂ ಸರಿ. ನಾಲ್ಕರಲ್ಲಿ ಅತ್ಯಂತ ಮೆಲುದನಿಯ ಪದ ಇದೇ. ವಿಲ್ಬರ್‌ಗೆ ಅತ್ಯಂತ ಚೆನ್ನಾಗಿ ಒಪ್ಪುವುದೂ ಇದೇ. ಮೊದಲ ಬಹುಮಾನ ಅವನಿಗಿಂತ ದೊಡ್ಡ ಹಂದಿಯೊಂದಕ್ಕೆ ಹೋದರೂ ವಿಶೇಷ ಪದಕ ವಿಲ್ಬರ್‌ಗೆ ಸಿಗುತ್ತದೆ, ಜೀವ ಉಳಿಯುತ್ತದೆ.

ಇದರಲ್ಲಿ ನಮ್ಮಂಥವರಿಗೆ ಏನು ಪಾಠ? ಷಾರ್ಲೆಟ್ ಒಂದು ಸಲಕ್ಕೆ ಒಂದೇ ಪದ ಬಳಸಿದಳು. ಕನ್ನಡಿಗರ ಇಂಗ್ಲಿಷಿನಲ್ಲಿ ಆಗಾಗ ಕಾಣುವ ‘ವೆರಿ ಎಕ್ಸಲೆಂಟ್’, ‘ಮೋಸ್ಟ್ ಯುನೀಕ್’ ಎಂಬ ಪ್ರಯೋಗಗಳು ಅವಳ ಬಲೆಯಲ್ಲಿ ಬೀಳುತ್ತಿರಲಿಲ್ಲ. ‘ಗುಡ್’ ಎಂಬುದಕ್ಕೆ ಹೆಚ್ಚು ಕಡಿಮೆಯ ಮೆಟ್ಟಿಲುಗಳಿವೆ, ಆದ್ದರಿಂದ ಅದರ ಹಿಂದೆ ‘ವೆರಿ’ ಕೂರುತ್ತದೆ. ‘ಎಕ್ಸಲೆಂಟ್’, ‘ಟೆರಿಫಿಕ್’ ಈಗಾಗಲೇ ಕೊನೆಯ ಮೆಟ್ಟಿಲಲ್ಲಿ ನಿಂತ ಪದಗಳು. ಒತ್ತು ಬೇಕೇ ಬೇಕೆಂದರೆ ‘ಆಬ್ಸೊಲೂಟ್ಲಿ’ ಎನ್ನಬಹುದು, ‘ವೆರಿ’ ಅಲ್ಲ. ಇನ್ನೊಂದು ಎಚ್ಚರಿಕೆ, ಹಳೆಯ ನಿಘಂಟನ್ನು ನಂಬಿ ಹೊಗಳಲು ಹೊರಡಬಾರದು. ‘ಇಗ್ರೀಜಿಯಸ್’ ಎಂದರೆ ಹಿಂದೊಮ್ಮೆ ಮಂದೆಯಿಂದ ಎದ್ದು ಕಾಣುವವನು, ಶ್ರೇಷ್ಠ. ಇಂದು ಅದು ಎದ್ದು ಕಾಣುವ ತಪ್ಪಿಗೆ ಮೀಸಲು.

ಎಲ್ಲಕ್ಕಿಂತ ಮುಖ್ಯವಾದದ್ದು, ಪದದ ಹಿಂದೆ ಹಂದಿ ನಿಂತಿತ್ತು. ಬಲೆ ಓದಿದ ಜನ ಕೆಳಗೆ ಕಣ್ಣಿಳಿಸಿದರೆ ವಿಲ್ಬರ್ ಕಾಣುತ್ತಿದ್ದ. ಅವನೂ ಆ ಪದಕ್ಕೆ ತಕ್ಕಂತೆ ಕಾಣಲು ಹೆಣಗುತ್ತಿದ್ದ. ಹೊಗಳಿಕೆಯ ಪದ ಬರೆದವನು ಅದರ ಕೆಳಗೆ ಸಾಕ್ಷಿಯನ್ನೂ ನಿಲ್ಲಿಸಬೇಕು. ಸಾಕ್ಷಿಯಿಲ್ಲದ ‘ಎಕ್ಸಲೆಂಟ್’ ಬರೀ ಬಲೆ.

ಕಥೆಯ ಕೊನೆಯಲ್ಲಿ ಷಾರ್ಲೆಟ್ ಪ್ರದರ್ಶನದ ಮೈದಾನದಲ್ಲಿ ಒಬ್ಬಳೇ ಸಾಯುತ್ತಾಳೆ. ಪುಸ್ತಕ ಮುಗಿಯುವುದು ಅವಳ ಹೊಗಳಿಕೆಯಿಂದ. ಅಷ್ಟೆಲ್ಲ ದೊಡ್ಡ ಪದ ಹೆಣೆದವಳಿಗೆ ವೈಟ್ ಕೊಟ್ಟದ್ದು ‘ಟ್ರೂ’ ಮತ್ತು ‘ಗುಡ್’ ಎಂಬ ಎರಡೇ ಬಡ ಗುಣವಾಚಕಗಳನ್ನು. ಮೊದಲನೆಯದು ಅವಳ ಗೆಳೆತನಕ್ಕೆ, ಎರಡನೆಯದು ಅವಳ ಬರವಣಿಗೆಗೆ. ಅಷ್ಟು ಹೊತ್ತಿಗೆ ಅವಳು ಮಾಡಿದ್ದನ್ನೆಲ್ಲ ಓದಿರುವ ನಮಗೆ ಆ ಎರಡು ಪದಗಳು ಗಂಟಲು ಕಟ್ಟಿಸುತ್ತವೆ.

ನಾನು ಪತ್ರದ ಮೊದಲ ಸಾಲನ್ನು ಹೊಡೆದುಹಾಕಿದೆ. ಪಾಠ ಅರ್ಥವಾಗದ ಸಹಪಾಠಿಗಳನ್ನು ಆ ಹುಡುಗಿ ಸಂಜೆ ಕೂರಿಸಿಕೊಂಡು ಹೇಳಿಕೊಡುತ್ತಿದ್ದದ್ದನ್ನು, ನಾನು ಕರಿಹಲಗೆಯ ಮೇಲೆ ಮಾಡಿದ ತಪ್ಪನ್ನು ಒಮ್ಮೆ ವಿನಯದಿಂದಲೇ ತೋರಿಸಿಕೊಟ್ಟದ್ದನ್ನು ಬರೆದೆ. ಕೊನೆಗೆ ಒಂದೇ ಒಂದು ಗುಣವಾಚಕ ಇಟ್ಟೆ: ‘ಗುಡ್’. ಅವಳು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ಸರ್, ಇದು ನಿಮಗೆ ಇನ್ನೂ ನೆನಪಿದೆಯಾ?’ ಎಂದಳು.