ಇಂಗ್ಲಿಷ್ ಕಲಿಸಲು ಪರದೇಶ: ಮೊದಲು ಕಾಗದ, ಆಮೇಲೆ ವಿಮಾನ

ಅಕ್ಕಲಕೋಟ: ಎಸ್‌ಟಿ ಸ್ಟ್ಯಾಂಡ್ ಎದುರಿನ ಚಹಾದಂಗಡಿಯಲ್ಲಿ ಪರಿಚಯದ ರೈತರೊಬ್ಬರು ಕಿಸೆಯಿಂದ ಮಡಚಿದ ಹಸ್ತಪತ್ರಿಕೆ ತೆಗೆದು ಮುಂದಿಟ್ಟರು. ಮರಾಠಿಯಲ್ಲಿತ್ತು. ಇಂಗ್ಲಿಷ್ ಬಂದರೆ ಸಾಕು, ಯಾವುದೇ ಪದವಿ ನಡೆಯುತ್ತದೆ, ಥಾಯ್ಲೆಂಡಿನಲ್ಲಿ ಶಿಕ್ಷಕರ ನೌಕರಿ, ತಿಂಗಳಿಗೆ 30 ಸಾವಿರ ಬಾತ್ ಪಗಾರ ಎಂಬುದು ಅದರ ಸಾರ.

‘ಪೇಪರ್‌ನವರ, ನಮ್ಮ ಹುಡುಗಿ ಹೋಗತೀನಿ ಅಂತಾಳ. ಏಜೆಂಟ ಎರಡು ಲಕ್ಷ ನಲವತ್ತು ಸಾವಿರ ಕೇಳ್ಯಾನ. ಕೊಡೋದೋ ಬಿಡೋದೋ ನೀವ ಹೇಳ್ರಿ’ ಎಂದರು.

ಹುಡುಗಿ ಊರಿನ ಜಿಲ್ಲಾ ಪರಿಷತ್ ಕನ್ನಡ ಶಾಲೆಯಲ್ಲಿ ಏಳನೇ ಇಯತ್ತೆವರೆಗೆ ಓದಿದವಳು. ಮಹಾರಾಷ್ಟ್ರ ಸರಕಾರ 2000ರಲ್ಲಿ ಒಂದನೇ ಇಯತ್ತೆಯಿಂದಲೇ ಇಂಗ್ಲಿಷ್ ತಂದಿತ್ತಾದ್ದರಿಂದ ಎಬಿಸಿಡಿ ಅಲ್ಲೇ ಶುರುವಾಗಿತ್ತು. ಮುಂದೆ ಇಂಗ್ಲಿಷಿನಲ್ಲಿ ಬಿಎ, ಆಮೇಲೆ ಬಿಎಡ್. ಈಗ ಖಾಸಗಿ ಇಂಗ್ಲಿಷ್ ಶಾಲೆಯಲ್ಲಿ ತಿಂಗಳಿಗೆ ಏಳು ಸಾವಿರಕ್ಕೆ ಕಲಿಸುತ್ತಾಳೆ. ಟಿಇಟಿ ಪಾಸಾಗಿ ಸರಕಾರಿ ಭರತಿಯ ದಾರಿ ಕಾಯುತ್ತಿದ್ದಾಳೆ. ಇಂಥ ಮಕ್ಕಳು ಅಕ್ಕಲಕೋಟ, ಜತ್ತ, ದಕ್ಷಿಣ ಸೊಲ್ಲಾಪುರದ ಬಹಳ ಮನೆಗಳಲ್ಲಿದ್ದಾರೆ. ಅದಕ್ಕೇ ಈ ಪ್ರಶ್ನೆ ಒಂದು ಮನೆಯದಲ್ಲ.

ಪಾಸ್‌ಪೋರ್ಟಿನ ಬಣ್ಣ ನೋಡುತ್ತಾರೆ

ಇಂಗ್ಲಿಷ್ ಚೆನ್ನಾಗಿ ಬಂದರೆ ಎಲ್ಲ ದೇಶದ ಬಾಗಿಲೂ ತೆರೆಯುತ್ತದೆ ಎಂಬುದು ಸುಳ್ಳು. ದಕ್ಷಿಣ ಕೊರಿಯಾ ಇಂಗ್ಲಿಷ್ ಶಿಕ್ಷಕರ ಇ-2 ವೀಸಾವನ್ನು ಮುಖ್ಯವಾಗಿ ಏಳು ದೇಶಗಳ ಪೌರರಿಗೆ ಕೊಡುತ್ತದೆ: ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಐರ್ಲೆಂಡ್, ದಕ್ಷಿಣ ಆಫ್ರಿಕಾ. 2010ರಲ್ಲಿ ಜಾರಿಗೆ ಬಂದ ಭಾರತ-ಕೊರಿಯಾ ವ್ಯಾಪಾರ ಒಪ್ಪಂದದಿಂದ ನಮ್ಮವರಿಗೂ ಸಹಾಯಕ ಶಿಕ್ಷಕರಾಗಿ ಹೋಗುವ ಸಣ್ಣ ಕಿಂಡಿ ತೆರೆದಿದೆ. ಆದರೆ ಪದವಿಯ ಜೊತೆ ಇಂಗ್ಲಿಷ್ ಶಿಕ್ಷಕರ ಅರ್ಹತಾಪತ್ರ ಬೇಕೇ ಬೇಕು.

ಜಪಾನಿನ ನಿಯಮ ಕನ್ನಡ ಶಾಲೆಯ ಮಕ್ಕಳಿಗೆ ನೇರವಾಗಿ ತಾಗುತ್ತದೆ. ಅಲ್ಲಿನ ಶಾಲೆಯಲ್ಲಿ ಭಾಷೆ ಕಲಿಸಲು ಹೋಗುವವರು ಆ ಭಾಷೆಯ ಮಾಧ್ಯಮದಲ್ಲೇ ಕನಿಷ್ಠ 12 ವರ್ಷ ಓದಿರಬೇಕು ಎನ್ನುತ್ತದೆ ವೀಸಾ ನಿಯಮ. ಏಳನೇವರೆಗೆ ಕನ್ನಡದಲ್ಲಿ ಓದಿದವರ ಲೆಕ್ಕ ಅಲ್ಲಿ ಹೊಂದುವುದಿಲ್ಲ. ಚೀನಾ ಕೂಡ ಇಂಗ್ಲಿಷ್ ಮಾತೃಭಾಷೆಯಾದ ದೇಶದವರನ್ನೇ ಮೊದಲು ಕೇಳುತ್ತದೆ. ಮೇಲಾಗಿ 2021ರ ಜುಲೈನಲ್ಲಿ ಅಲ್ಲಿನ ಸರಕಾರ ಖಾಸಗಿ ಟ್ಯೂಷನ್ ಮೇಲೆ ಕಟ್ಟುನಿಟ್ಟು ತಂದ ಮೇಲೆ ಆ ಧಂದೆಯೇ ಕುಸಿಯಿತು.

ಇದನ್ನು ಹೇಳಿದಾಗ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ಅಂದ್ರ ಸರ್, ಕನ್ನಡ ಶಾಲಿಯೊಳಗ ಕಲಿತಿದ್ದ ತಪ್ಪಾತೇನು?’ ಎಂದು ಕೇಳಿದಳು. ತಂದೆ ಚಹಾದ ಕಪ್ಪು ಕೆಳಗಿಟ್ಟು ಬೇರೆ ಕಡೆ ನೋಡಿದರು. ಆ ಶಾಲೆಗೆ ಹಾಕಿದವರು ಅವರೇ.

ತೆರೆದಿರುವ ದಾರಿ

ತಪ್ಪೇನೂ ಆಗಿಲ್ಲ. ದಾರಿ ಬೇರೆ ಕಡೆಗಿದೆ, ಅಷ್ಟೆ. ಮಾಲ್ಡೀವ್ಸ್ ಶಾಲೆಗಳಲ್ಲಿ ಪಾಠ ನಡೆಯುವುದೇ ಇಂಗ್ಲಿಷಿನಲ್ಲಿ. ಅಲ್ಲಿ ಬಹಳ ವರ್ಷಗಳಿಂದ ಭಾರತದ ಶಿಕ್ಷಕರು ಕೆಲಸ ಮಾಡುತ್ತ ಬಂದಿದ್ದಾರೆ. ಕೊಲ್ಲಿ ದೇಶಗಳಲ್ಲಿ ಸಿಬಿಎಸ್‌ಇ ಮಾನ್ಯತೆಯ ಭಾರತೀಯ ಶಾಲೆಗಳಿವೆ. ಈ ಎರಡೂ ಕಡೆ ಬೆಲೆ ಇರುವುದು ವಿಷಯದ ಪದವಿ, ಬಿಎಡ್ ಮತ್ತು ಕಲಿಸಿದ ಅನುಭವಕ್ಕೆ. ಏಳು ಸಾವಿರದ ನೌಕರಿ ಎಂದು ಬೇಸರ ಮಾಡಿಕೊಂಡವರು ಆ ಶಾಲೆಯ ಅನುಭವ ಪತ್ರವನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಹೊರಗೆ ಹೋಗುವಾಗ ಮೊದಲು ಕೇಳುವುದು ಅದನ್ನೇ.

ಥಾಯ್ಲೆಂಡ್, ವಿಯೆಟ್ನಾಂ ಕೂಡ ಪೂರಾ ಮುಚ್ಚಿಲ್ಲ. ಪದವಿ ಬೇಕು, ಕಲಿಸುವ ಸರ್ಟಿಫಿಕೇಟ್ ಬೇಕು, ಅಲ್ಲಿನ ಶಾಲೆಯೇ ಮುಂದೆ ನಿಂತು ಕೆಲಸದ ಪರವಾನಗಿ ಮಾಡಿಸಿಕೊಡಬೇಕು. ಥಾಯ್ಲೆಂಡಿನಲ್ಲಿ ನಾನ್-ಇಮಿಗ್ರಂಟ್ ಬಿ ಎಂಬ ವೀಸಾ, ವರ್ಕ್ ಪರ್ಮಿಟ್, ಶಾಲೆಗಾದರೆ ಅಲ್ಲಿನ ಶಿಕ್ಷಕರ ಪರಿಷತ್ತಿನ ಅನುಮತಿ, ಹೀಗೆ ಮೂರು ಕಾಗದ ಆಗಬೇಕು. ನಮ್ಮಂಥವರಿಗೆ ಟೋಯಿಕ್ ಅಥವಾ ಐಇಎಲ್‌ಟಿಎಸ್ ಪರೀಕ್ಷೆಯ ಅಂಕ ಕೇಳುವುದು ರೂಢಿ. ಅಲ್ಲಿ ಶಾಲೆಯ ವರ್ಷ ಮೇ ತಿಂಗಳಲ್ಲಿ ಶುರುವಾಗುತ್ತದೆ, ಎರಡನೇ ಸತ್ರ ನವೆಂಬರಿನಲ್ಲಿ. ಅದಕ್ಕೂ ಮೂರ್ನಾಲ್ಕು ತಿಂಗಳು ಮೊದಲೇ ಅರ್ಜಿ ಹಾಕಿದರೆ ಅನುಕೂಲ.

ಸರ್ಟಿಫಿಕೇಟಿನಲ್ಲೂ ಕಾಳು-ಜೊಳ್ಳು ಇದೆ. ಕೇಂಬ್ರಿಜ್‌ನ ಸೆಲ್ಟಾ ಕೋರ್ಸ್ ಕನಿಷ್ಠ 120 ತಾಸಿನದು. ಅದರಲ್ಲಿ ಆರು ತಾಸು ನಿಜವಾದ ವಿದ್ಯಾರ್ಥಿಗಳ ಮುಂದೆ ನಿಂತು ಕಲಿಸಬೇಕು, ಹಿಂದೆ ಕೂತ ತಜ್ಞರು ತಪ್ಪು ತೋರಿಸುತ್ತಾರೆ. ಇಂಗ್ಲಿಷ್ ಮಾತೃಭಾಷೆ ಅಲ್ಲದವರಿಗೂ ಪ್ರವೇಶ ಇದೆ, ಆದರೆ ಖರ್ಚು ಜಾಸ್ತಿ. ಮೊಬೈಲ್‌ನಲ್ಲಿ ಎರಡು ದಿನದೊಳಗೆ ಮುಗಿಯುವ ಅಗ್ಗದ ಕೋರ್ಸೂ 120 ತಾಸು ಎಂದೇ ಬರೆದುಕೊಳ್ಳುತ್ತದೆ. ದುಡ್ಡು ಕಟ್ಟುವ ಮೊದಲು ನೌಕರಿ ಕೊಡುವ ಶಾಲೆ ಅದನ್ನು ಒಪ್ಪುತ್ತದೆಯೋ ಇಲ್ಲವೋ ಕೇಳಿ.

ಗಡಿಯವರ ಕಾಗದದ ತೊಡಕು

ಗಡಿಯಲ್ಲಿರುವ ನಮಗೆ ಇನ್ನೊಂದು ತಾಪತ್ರಯ ಇದೆ. ಹತ್ತನೇ ಇಯತ್ತೆ ಮಹಾರಾಷ್ಟ್ರದಲ್ಲಿ, ಪದವಿ ಕಲಬುರಗಿ ಅಥವಾ ವಿಜಯಪುರದಲ್ಲಿ ಮಾಡಿದವರು ಬಹಳ. ಮಹಾರಾಷ್ಟ್ರದ ಮಾರ್ಕ್‌ಶೀಟಿನಲ್ಲಿ ಮೊದಲು ಆಡನಾವ, ಆಮೇಲೆ ಹೆಸರು, ಅದರ ಹಿಂದೆ ತಂದೆಯ ಹೆಸರು. ಕರ್ನಾಟಕದ ಕಾಗದದಲ್ಲಿ ಎಷ್ಟೋ ಸಲ ಬರೀ ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಮೂರನೇ ನಮೂನೆ. ಮದುವೆಯಾದ ಹೆಣ್ಣುಮಕ್ಕಳಿಗಂತೂ ನಾಲ್ಕನೆಯದು. ನಾವು ಓದಿದ ಕೂಡಲೇ ಒಬ್ಬರೇ ಎಂದು ತಿಳಿಯುತ್ತೇವೆ. ಪರದೇಶದ ಕಚೇರಿಗೆ ಅವರು ಮೂವರು ಬೇರೆ ಬೇರೆ ಮನುಷ್ಯರು. ಇದನ್ನು ಸರಿಪಡಿಸಲು ತಿಂಗಳುಗಳು ಬೇಕಾದಾವು, ಆದ್ದರಿಂದ ಮೊದಲ ಕೆಲಸ ಇದೇ ಆಗಲಿ.

ಆಮೇಲೆ ಪದವಿ ಪತ್ರದ ದೃಢೀಕರಣ. ಯಾವ ರಾಜ್ಯ ಕೊಟ್ಟ ಕಾಗದವೋ ಆ ರಾಜ್ಯದ ಮುದ್ರೆ ಬೇಕು: ಸೊಲ್ಲಾಪುರ ವಿದ್ಯಾಪೀಠದ್ದಾದರೆ ಮಹಾರಾಷ್ಟ್ರದ್ದು, ಗುಲಬರ್ಗಾ ವಿಶ್ವವಿದ್ಯಾಲಯದ್ದಾದರೆ ಕರ್ನಾಟಕದ್ದು. ಬಳಿಕ ವಿದೇಶಾಂಗ ಸಚಿವಾಲಯದ ಮುದ್ರೆ. ಭಾರತ 2005ರಲ್ಲಿ ಸೇರಿದ ಅಪೊಸ್ಟಿಲ್ ಒಪ್ಪಂದದ ದೇಶಗಳಿಗೆ ಅಷ್ಟು ಸಾಕು, ಉಳಿದ ದೇಶಗಳಿಗೆ ಅವರ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಪೊಲೀಸ್ ಕ್ಲಿಯರೆನ್ಸ್ ಪತ್ರಕ್ಕೆ ಪಾಸ್‌ಪೋರ್ಟ್ ಸೇವಾ ಕೇಂದ್ರದ ಮೂಲಕವೇ ಅರ್ಜಿ ಹಾಕಬಹುದು.

ಬಿಕಾಂ ಲೆಕ್ಕ

ನಾನು ಬಿಕಾಂ ಓದಿದವ. ಹಸ್ತಪತ್ರಿಕೆಯ ಹಿಂದಿನ ಖಾಲಿ ಜಾಗದಲ್ಲೇ ಲೆಕ್ಕ ಬರೆದೆವು. 30 ಸಾವಿರ ಬಾತ್ ಅಂದರೆ, ಒಂದಕ್ಕೆ ಎರಡೂವರೆಯಿಂದ ಮೂರು ರೂಪಾಯಿ ಹಿಡಿದರೂ, ₹75ರಿಂದ 90 ಸಾವಿರ. ಕೇಳಲಿಕ್ಕೆ ಛಲೋ ಅದ. ಆದರೆ ಅಲ್ಲಿಯ ಮನೆ ಬಾಡಿಗೆ, ಊಟ ಅದರಲ್ಲೇ ಹೋಗಬೇಕು. ಇತ್ತ ₹2.40 ಲಕ್ಷವನ್ನು ನೂರಕ್ಕೆ ಮೂರರ ಬಡ್ಡಿಗೆ ತಂದರೆ ತಿಂಗಳಿಗೆ ₹7,200 ಬರೀ ಬಡ್ಡಿ. ಹುಡುಗಿಯ ಈಗಿನ ಪಗಾರಕ್ಕಿಂತ ಇನ್ನೂರು ಜಾಸ್ತಿ. ವೀಸಾ ಮೂರು ತಿಂಗಳು ತಡವಾದರೆ ವಿಮಾನ ಹತ್ತುವ ಮೊದಲೇ ₹21,600 ಹೋಯಿತು.

ಮತ್ತೆ, ಏಜೆಂಟ ಇಷ್ಟು ಹಣ ಕೇಳುವಂತೆಯೇ ಇಲ್ಲ. 1983ರ ವಲಸೆ ಕಾಯ್ದೆ ಪ್ರಕಾರ ಪರದೇಶದ ನೌಕರಿಗೆ ಜನರನ್ನು ಕಳಿಸುವವರು ಕೇಂದ್ರ ಸರಕಾರದಲ್ಲಿ ನೋಂದಣಿ ಮಾಡಿಸಿರಬೇಕು. ಸೇವಾ ಶುಲ್ಕ ₹30,000 ಮತ್ತು ಅದರ ಮೇಲಿನ ಜಿಎಸ್‌ಟಿ ದಾಟಬಾರದು. ನೋಂದಾಯಿತ ಏಜೆಂಟರ ಪಟ್ಟಿ ಸರಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿದೆ. ಸಂಶಯ ಬಂದರೆ ವಿದೇಶಾಂಗ ಸಚಿವಾಲಯದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ ಇದೆ. ಅದರ ಟೋಲ್‌ಫ್ರೀ ಸಂಖ್ಯೆ 1800 11 3090.

ಏಜೆಂಟ ಇನ್ನೊಂದು ಮಾತು ಹೇಳಿದ್ದ: ‘ಮೊದಲ ಟೂರಿಸ್ಟ್ ಆಗಿ ಹೋಗ್ರಿ, ಕಾಗದ ಅಲ್ಲಿ ಮಾಡಸೋಣು.’ ಇದೇ ದೊಡ್ಡ ಅಪಾಯ. ಪ್ರವಾಸಿಯಾಗಿ ಹೋಗಿ ಕೆಲಸ ಮಾಡಿದರೆ ಅಲ್ಲಿ ಅಪರಾಧ. ಅದಕ್ಕಿಂತ ಕೆಟ್ಟದ್ದೂ ಆಗಿದೆ. ಥಾಯ್ಲೆಂಡಿನಲ್ಲಿ ಒಳ್ಳೆಯ ನೌಕರಿ ಎಂದು ಕರೆಸಿಕೊಂಡು ಗಡಿ ದಾಟಿಸಿ ಮ್ಯಾನ್ಮಾರಿನ ಆನ್‌ಲೈನ್ ವಂಚನೆ ಅಡ್ಡೆಗಳಲ್ಲಿ ನಮ್ಮ ಹುಡುಗರನ್ನು ಕೂಡಿಹಾಕಿದ ಪ್ರಕರಣಗಳ ಬಗ್ಗೆ ವಿದೇಶಾಂಗ ಸಚಿವಾಲಯ 2022ರಲ್ಲೇ ಎಚ್ಚರಿಸಿತ್ತು. 2025ರ ಮಾರ್ಚ್‌ನಲ್ಲಿ 549 ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ವಾಪಸು ತರಬೇಕಾಯಿತು.

ಮೂರು ಪ್ರಶ್ನೆ

ತಂದೆ-ಮಗಳು ಅಲ್ಲೇ ಕೂತು ಏಜೆಂಟನಿಗೆ ಫೋನ್ ಹಚ್ಚಿದರು. ಹುಡುಗಿ ಮರಾಠಿಯಲ್ಲಿ ಮೂರೇ ಪ್ರಶ್ನೆ ಕೇಳಿದಳು. ನಿಮ್ಮ ನೋಂದಣಿ ಸಂಖ್ಯೆ ಏನು? ಶಾಲೆಯ ಹೆಸರೇನು, ಅವರ ಜೊತೆ ನಾನೇ ಮಾತಾಡಬಹುದಾ? ನೌಕರಿಯ ಕರಾರುಪತ್ರ ಹಣ ಕೊಡುವ ಮೊದಲು ಕೊಡುತ್ತೀರಾ? ಆ ಕಡೆಯಿಂದ ‘ಸಂಜೆಗೆ ಹೇಳತೀನಿ’ ಎಂಬ ಉತ್ತರ ಬಂತು. ಎರಡು ದಿನ ಕಳೆದರೂ ಫೋನ್ ಬರಲಿಲ್ಲ.

ಹುಡುಗಿ ಈಗ ಪಾಸ್‌ಪೋರ್ಟಿನಲ್ಲಿ ಹೆಸರು ಸರಿಪಡಿಸಲು ಅರ್ಜಿ ಹಾಕಿದ್ದಾಳೆ. ಮಾಲ್ಡೀವ್ಸ್‌ಗೆ ಅರ್ಜಿ ಹಾಕುವ ವಿಚಾರ ಇದೆ. ಅಲ್ಲಿಯವರೆಗೆ ಅದೇ ಶಾಲೆ, ಅದೇ ಪಗಾರ. ಮನೆಯಲ್ಲಿ ಕನ್ನಡ, ಬಜಾರದಲ್ಲಿ ಮರಾಠಿ ಮಾತಾಡುವ ಮಕ್ಕಳು ಇಂಗ್ಲಿಷಿನಲ್ಲಿ ಎಲ್ಲಿ ಎಡವುತ್ತಾರೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತು, ತಾನೂ ಅಲ್ಲೇ ಎಡವಿ ಕಲಿತವಳು. ಮಾಲ್ಡೀವ್ಸ್ ಮಕ್ಕಳ ಮನೆಮಾತೂ ಇಂಗ್ಲಿಷ್ ಅಲ್ಲ, ದಿವೇಹಿ.

ಮೊನ್ನೆ ತಂದೆ ಮತ್ತೆ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು. ‘ಸಾಲ ತಗೊಳ್ಳಲಿಲ್ಲ ನೋಡ್ರಿ. ತಡ ಆದರ ಆಗಲಿ, ಕಾಗದ ಕೈಯಾಗ ಬಂದ ಮ್ಯಾಲೇ ಕಳಸತೀನಿ’ ಎಂದರು. ಈ ಸಲ ಚಹಾದ ದುಡ್ಡು ಅವರೇ ಕೊಟ್ಟರು.