ಅಂಬಾರಿ ಹಾಯುವ ಅಂಗಡಿಬೀದಿ

ಬೆಳಗಿನ ಏಳು ಗಂಟೆಗೆ ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ಷಟರ್‌ಗಳು ಇನ್ನೂ ಮೇಲೆದ್ದಿರುವುದಿಲ್ಲ. ದೇವರಾಜ ಮಾರುಕಟ್ಟೆಯ ಬಾಗಿಲಲ್ಲಿ ಮಾತ್ರ ಆಗಲೇ ಗಲಾಟೆ. ಆಟೋದಿಂದ ಇಳಿದ ಮೂಟೆಗಳ ಬಾಯಿ ಬಿಚ್ಚಿದರೆ ಸೇವಂತಿಗೆ, ಕನಕಾಂಬರ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಮೈಸೂರು ಮಲ್ಲಿಗೆ. ವೀಳ್ಯದೆಲೆಯ ಕಟ್ಟುಗಳಿಗೆ ನೀರು ಚಿಮುಕಿಸುವ ಮುದುಕರೊಬ್ಬರು. ಪಕ್ಕದಲ್ಲಿ ಹೂವಿನ ಹೆಂಗಸು ಮೊಣಕೈಯಿಂದ ಬೆರಳ ತುದಿಗೆ ಮೊಳ ಹಾಕುತ್ತಾ, "ಬನ್ನಿ ಅಕ್ಕ, ಇವತ್ತಿನ ಹೂವು, ಮುಟ್ಟಿ ನೋಡಿ" ಅನ್ನುತ್ತಿದ್ದಾಳೆ. ಅವಳು ಕೂತಿರುವ ಜಾಗ ಅಂಗಡಿಯೂ ಅಲ್ಲ, ರಸ್ತೆಯೂ ಅಲ್ಲ. ಕಟ್ಟಡದ ಗೋಡೆಗೂ ವಾಹನ ಓಡುವ ಡಾಂಬರಿಗೂ ನಡುವೆ ಉಳಿದ ನಾಲ್ಕಾರು ಅಡಿಯ ಪಟ್ಟಿ. ಒಂದು ಪೇಟೆಬೀದಿ ಬದುಕುವುದೂ ಸಾಯುವುದೂ ಆ ಪಟ್ಟಿಯ ಮೇಲೆ ಎಂಬುದು ನನ್ನ ಗಟ್ಟಿ ನಂಬಿಕೆ.

ಈ ಬೀದಿ ತಾನಾಗಿ ಬೆಳೆದದ್ದಲ್ಲ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಊರಿಗೆ ಕಾವೇರಿಯ ನೀರು ತರಲೆಂದು ತೋಡಿದ ನಾಲೆ ಮುಂದೆ ಕೊಳಚೆಯ ತಾಣವಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದನ್ನು ಮುಚ್ಚಿ, ಇಕ್ಕೆಲಗಳಲ್ಲೂ ಅಂಗಡಿಸಾಲು ಇರುವ ಅಗಲ ಬೀದಿ ಮಾಡಿದರು. ಬರೋಡದ ಮಹಾರಾಜ ಸಯ್ಯಾಜಿರಾವ್ ಗಾಯಕವಾಡರ ಹೆಸರಿಟ್ಟರು. 1903ರಲ್ಲಿ ಮೈಸೂರಿಗೆ ನಗರ ಸುಧಾರಣಾ ಟ್ರಸ್ಟ್ ಮಂಡಳಿ ಬಂತು. ಬೀದಿ ಎಷ್ಟು ಅಗಲ, ಕಟ್ಟಡ ಎಲ್ಲಿ ನಿಲ್ಲಬೇಕು, ಮೋರಿ ಯಾವ ಕಡೆ ಹರಿಯಬೇಕು ಎಂದು ಕೂತು ಗೆರೆ ಎಳೆಯುವ ಕೆಲಸಕ್ಕೇ ಒಂದು ಸಂಸ್ಥೆ ಇಟ್ಟ ಊರು ಇದು.

ಆಗ ಎಳೆದ ಗೆರೆಗಳಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಕಮಾನಿನ ಪಡಸಾಲೆ. ದೇವರಾಜ ಮಾರುಕಟ್ಟೆಯ ರಸ್ತೆ ಬದಿಯ ಅಂಗಡಿಗಳ ಮುಂದೆ ನಿಂತು, ಕಾಲಿಗೆ ಸಿಗುವ ನೆಲವನ್ನೂ ತಲೆಯ ಮೇಲಿನ ಸೂರನ್ನೂ ಒಮ್ಮೆ ನೋಡಿ. ಬೀದಿ ದಕ್ಷಿಣೋತ್ತರವಾಗಿದೆ. ಹಾಗಾಗಿ ಒಂದು ಸಾಲಿಗೆ ಬೆಳಗಿನ ಬಿಸಿಲು, ಇನ್ನೊಂದಕ್ಕೆ ಇಳಿಹೊತ್ತಿನದು. ಕಂಬದ ಸಾಲು ಮುಂದಿದ್ದು ಅಂಗಡಿಯ ಬಾಗಿಲು ಹಿಂದೆ ಸರಿದಿದ್ದರೆ ಎರಡು ಹೊತ್ತೂ ಗಿರಾಕಿಗೆ ನೆರಳು. ಆಷಾಢದ ಜಿಟಿಜಿಟಿ ಮಳೆಯಲ್ಲೂ ಕೊಡೆ ಬಿಚ್ಚದೆ ಹತ್ತು ಅಂಗಡಿ ನೋಡಿಕೊಂಡು ಬರಬಹುದು. ಒಂದು ಕಂಬದ ಹತ್ತಿರ ಹೋದೆ. ಬಣ್ಣ ಎದ್ದ ಕಡೆ ಪದರ ಪದರವಾಗಿ ಹಳದಿ, ನೀಲಿ, ಸುಣ್ಣದ ಬಿಳುಪು. ಮೊಳೆ ಹೊಡೆದು ಕಿತ್ತ ತೂತುಗಳು. ಸೊಂಟದೆತ್ತರದಲ್ಲಿ ಗಾರೆ ನುಣುಪಾಗಿ ಹೊಳೆಯುತ್ತದೆ, ತಲೆಮಾರುಗಳ ಜನ ಒರಗಿ ನಿಂತು ಚೌಕಾಸಿ ಮಾಡಿದ ಗುರುತು.

ಈಗಿನ ವಲಯ ನಿಯಮ ನಡೆಯುವುದು ಇದಕ್ಕೆ ತಿರುಗುಮುರುಗಾಗಿ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ನಮ್ಮ ಊರುಗಳಿಗೆ ಮಹಾಯೋಜನೆ ಸಿದ್ಧವಾಗುತ್ತದೆ. ನಕ್ಷೆಯಲ್ಲಿ ವಾಣಿಜ್ಯ ವಲಯಕ್ಕೆ ನೀಲಿ ಬಣ್ಣ ಬಳಿಯುತ್ತಾರೆ. ಜೊತೆಗೆ ಕೋಷ್ಟಕಗಳು: ರಸ್ತೆ ಇಷ್ಟು ಅಗಲವಿದ್ದರೆ ಎಫ್‌ಎಆರ್ ಇಷ್ಟು, ಅಂದರೆ ನಿವೇಶನದ ಎಷ್ಟು ಪಟ್ಟು ಕಟ್ಟಬಹುದು ಎಂಬ ಲೆಕ್ಕ, ಮುಂದೆ ಇಷ್ಟು ಸೆಟ್‌ಬ್ಯಾಕ್, ಅಂದರೆ ಕಟ್ಟದೆ ಬಿಡಬೇಕಾದ ಜಾಗ, ಇಷ್ಟು ಚದರ ಮೀಟರಿಗೆ ಒಂದು ಕಾರಿನ ಜಾಗ. ರಸ್ತೆ ಅಗಲವಾದಷ್ಟೂ ಎಫ್‌ಎಆರ್ ಏರುವುದರಿಂದ, ಹಿರಿಯರು ಉದಾರವಾಗಿ ಅಗಲ ಬಿಟ್ಟ ಬೀದಿಯ ಮೇಲೆಯೇ ಮಹಡಿಗಳ ಆಸೆ ಜಾಸ್ತಿ. ಇಬ್ಬದಿಯೂ ಎರಡಂತಸ್ತಿನ ಎತ್ತರದಲ್ಲಿ ಸಮನಾಗಿ ಓಡುವ ಸಾಲಿನಲ್ಲಿ ಒಬ್ಬರು ಹಳೆಯದನ್ನು ಕೆಡವಿ ನಿಯಮದ ಪ್ರಕಾರವೇ ಕಟ್ಟಿದರೆನ್ನಿ. ಹೊಸ ಕಟ್ಟಡ ಹಿಂದೆ ಸರಿದು, ಮೇಲೆ ಎದ್ದು ನಿಲ್ಲುತ್ತದೆ. ಸಾಲು ಹಲ್ಲು ಬಿದ್ದ ಬಾಯಿಯಂತಾಗುತ್ತದೆ. ಬಿಟ್ಟ ಜಾಗಕ್ಕೆ ಟೈಲ್ಸ್ ಹಾಕಿ ಸರಪಳಿ ಕಟ್ಟಿ ಸ್ಕೂಟರ್ ನಿಲ್ಲಿಸುತ್ತಾರೆ. ನೆರಳಲ್ಲಿ ಬರುತ್ತಿದ್ದವರು ಅಲ್ಲಿಗೆ ಬಂದು ಬಿಸಿಲಿಗೆ, ಅಲ್ಲಿಂದ ರಸ್ತೆಗೆ ಇಳಿಯುತ್ತಾರೆ. ಕಟ್ಟಿದವರು ಕಾನೂನು ಮುರಿದಿಲ್ಲ. ಕಾನೂನೇ ಬೀದಿಯನ್ನು ಮುರಿದಿದೆ.

ಇಂಥ ಬೀದಿಗೆ ಬೇಕಾದದ್ದು ಸೆಟ್‌ಬ್ಯಾಕ್ ಅಲ್ಲ, 'ಇಲ್ಲಿಯವರೆಗೆ ಕಟ್ಟಲೇಬೇಕು' ಎಂಬ ಗೆರೆ. ಕಂಬ ಈ ಗೆರೆಯ ಮೇಲೆ, ಬಾಗಿಲು ಇಷ್ಟು ಅಡಿ ಹಿಂದೆ, ಸೂರು ಈ ಎತ್ತರದಲ್ಲಿ, ಪಕ್ಕದವರ ಪಡಸಾಲೆಗೂ ನಿಮ್ಮದಕ್ಕೂ ಮೆಟ್ಟಿಲಿನ ಏರುಪೇರು ಕೂಡದು. ಕಾರು ನಿಲ್ಲಿಸುವ ಏರ್ಪಾಡು ಹಿಂದಿನ ಓಣಿಯಲ್ಲೋ, ಎಲ್ಲರಿಗೂ ಸೇರಿದ ಒಂದು ಜಾಗದಲ್ಲೋ ಆಗಲಿ, ಪ್ರತಿ ಅಂಗಡಿಯ ಎದೆಯ ಮುಂದೆ ಬೇಡ.

ಸಿಹಿ ಅಂಗಡಿಗಳ ಮುಂದಿನ ಜನ ನೋಡಿ. ಅರಮನೆಯ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪನವರ ವಂಶದವರು ನಡೆಸುವ ಗುರು ಸ್ವೀಟ್ ಮಾರ್ಟ್ ಈ ಬೀದಿಯಲ್ಲೇ ಇದೆ. ಮೈಸೂರು ಪಾಕಿಗೆ ನಿಂತವರು ಕಾಲುದಾರಿಯ ಅರ್ಧ ತುಂಬುತ್ತಾರೆ, ತುಂಬಲೇಬೇಕು. ಭಾರತೀಯ ರಸ್ತೆ ಕಾಂಗ್ರೆಸ್‌ನ ಐಆರ್‌ಸಿ 103 ಮಾರ್ಗಸೂಚಿಗೆ ಈ ಮಾತು ಗೊತ್ತು. ಕಾಲುದಾರಿಯಲ್ಲಿ ಅಡೆತಡೆಯಿಲ್ಲದೆ ಕನಿಷ್ಠ 1.8 ಮೀಟರ್ ಅಗಲ, 2.2 ಮೀಟರ್ ಎತ್ತರ ಇರಬೇಕು, ಅಂಗಡಿಗಳ ಮುಂದೆ ನಿಂತು ನೋಡುವವರಿಗಾಗಿ ಇನ್ನೂ 1 ಮೀಟರ್ ಸೇರಿಸಬೇಕು ಎನ್ನುತ್ತದೆ ಅದು. ನಿಲ್ಲುವವರಿಗೂ ಜಾಗ ಎಣಿಸಿದ ಸಾಲು ಅದು. ಆದರೆ ಟ್ರಾನ್ಸ್‌ಫಾರ್ಮರ್, ಜಂಕ್ಷನ್ ಬಾಕ್ಸ್, ಮೇಲೆತ್ತಿಟ್ಟ ಚಪ್ಪಡಿಯನ್ನು ಕಳೆದು ಉಳಿದದ್ದನ್ನು ಯಾರಾದರೂ ಟೇಪು ಹಿಡಿದು ಅಳೆಯಲಿ.

ಉಳಿದ ಪೇಟೆಗಳಿಗಿಲ್ಲದ ಒಂದು ಅಳತೆಗೋಲು ಈ ಬೀದಿಗಿದೆ. ವಿಜಯದಶಮಿಯ ದಿನ 750 ಕೆ.ಜಿ. ತೂಕದ ಚಿನ್ನದ ಅಂಬಾರಿ ಹೊತ್ತ ಆನೆ ಅರಮನೆಯಿಂದ ಹೊರಟು, ಕೆ.ಆರ್. ವೃತ್ತ ದಾಟಿ, ಇದೇ ರಸ್ತೆ ಹಿಡಿದು, ಆಯುರ್ವೇದ ಕಾಲೇಜು ವೃತ್ತ, ಬಂಬೂ ಬಜಾರ್ ಹಾದು, ಸುಮಾರು 5 ಕಿ.ಮೀ. ದೂರದ ಬನ್ನಿಮಂಟಪ ಮುಟ್ಟುತ್ತದೆ. ವಾರಗಳ ಮೊದಲೇ ತಾಲೀಮು ಶುರು. ಮರಳುಮೂಟೆ ಹೊತ್ತ ಆನೆಗಳು, ಆಮೇಲೆ ಮರದ ಅಂಬಾರಿ ಹೊತ್ತವು, ಮುಂಜಾನೆ ಈ ದಾರಿಯಲ್ಲಿ ನಡೆದು ಹೋಗುತ್ತವೆ. ಬಟ್ಟೆ ಅಂಗಡಿಯ ಹುಡುಗರು ಕಸಬರಿಗೆ ಹಿಡಿದೇ ಕೈ ಮುಗಿಯುತ್ತಾರೆ. ಯಾವ ಕೊಂಬೆ ತಗ್ಗಿದೆ, ಯಾವ ತಂತಿ ಜೋತಿದೆ, ಎಲ್ಲಿ ರಸ್ತೆ ಕುಸಿದಿದೆ ಎಂಬುದು ಆಗ ಕಣ್ಣಿಗೆ ಬೀಳುತ್ತದೆ. ಅಂಬಾರಿಯ ದೆಸೆಯಿಂದ ಈ ಬೀದಿಯ ನಡುವೆ ಮೇಲ್ಸೇತುವೆ ಬರಲಿಲ್ಲ, ಆಕಾಶ ತೆರೆದೇ ಉಳಿಯಿತು ಎಂದೇ ನಾನು ತಿಳಿದಿದ್ದೇನೆ. ಒಂದು ದಿನದ ಮೆರವಣಿಗೆಗೆ ಇಷ್ಟು ಅಚ್ಚುಕಟ್ಟು ಸಾಧ್ಯವಾದರೆ, ದಿನವೂ ನಡೆಯುವ ಬಸುರಿಗೆ, ಕೆ.ಆರ್. ಆಸ್ಪತ್ರೆಗೆ ಊರುಗೋಲಿನಲ್ಲಿ ಹೊರಟವರಿಗೆ ಯಾಕೆ ಆಗದು?

ಮೆರವಣಿಗೆಯ ದಿನ ಜನ ತಾರಸಿಗಳ ಮೇಲೆ ಹತ್ತುತ್ತಾರೆ. ಆಗ ಎದೆ ಡವಗುಟ್ಟುತ್ತದೆ. ಇದೇ ಪೇಟೆಯಲ್ಲಿ 1892ರಲ್ಲಿ ಕಟ್ಟಿದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ನಾಲ್ವರು ಸತ್ತರು. ದೇವರಾಜ ಮಾರುಕಟ್ಟೆಯ ಧನ್ವಂತರಿ ರಸ್ತೆ ಕಡೆಯ ಉತ್ತರ ದ್ವಾರ 2016ರಲ್ಲಿ ಬಿತ್ತು. ಇವೆರಡನ್ನೂ ಕೆಡವಿ ಕಟ್ಟಬೇಕೋ, ದುರಸ್ತಿ ಮಾಡಬೇಕೋ ಎಂಬ ವಾದ ತಜ್ಞರ ಸಮಿತಿಗಳನ್ನೂ ನ್ಯಾಯಾಲಯವನ್ನೂ ಕಂಡಿತು. ಸುಣ್ಣದ ಗಾರೆಯ ಗೋಡೆಗೆ ಉಸಿರಾಡುವ ಗುಣವಿದೆ. ಅದರ ಮೇಲೆ ಸಿಮೆಂಟ್ ಮೆತ್ತಿದರೆ ಒಳಗಿನ ತೇವ ಹೊರಬರಲಾರದೆ ಇಟ್ಟಿಗೆಯನ್ನೇ ತಿನ್ನುತ್ತದೆ. ತಾರಸಿಯ ಸಂದಿಯಲ್ಲಿ ಒಂದು ಅರಳಿಯ ಸಸಿ ಸಾಕು, ಬೇರು ಕಮಾನಿನ ಬೆನ್ನು ಬಿಡಿಸಲು. ಬಣ್ಣ, ಎತ್ತರ, ಮುಂಭಾಗದ ಅಂದಕ್ಕೆ ನಿಯಮ ಬರೆಯುವವರು ವರ್ಷಕ್ಕೊಮ್ಮೆ ಸಸಿ ಕಿತ್ತು, ದೋಣಿಕೊಳವೆ ಬಿಡಿಸಿ, ಸುಣ್ಣದಲ್ಲೇ ಮೆತ್ತುವ ಹೊಣೆ ಯಾರದು ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಯಬೇಕು. ಬಾಡಿಗೆದಾರ ಮಾಲೀಕನ ಕಡೆಗೂ ಮಾಲೀಕ ಬಾಡಿಗೆದಾರನ ಕಡೆಗೂ ಕೈ ತೋರಿಸುತ್ತಿರುವಾಗಲೇ ಸೂರು ಬೀಳುವುದು.

ನಾಮಫಲಕಗಳ ಬಗ್ಗೆ ಒಂದೇ ಮಾತು. 2024ರಲ್ಲಿ ತಿದ್ದುಪಡಿಯಾದ ಕಾಯ್ದೆಯಂತೆ ಫಲಕದ ಶೇ. 60 ಭಾಗ ಕನ್ನಡದಲ್ಲಿರಬೇಕು. ಸಂತೋಷ. ಆ ಕನ್ನಡದ ಅಕ್ಷರ ಕಮಾನಿನ ಹಣೆಯನ್ನು ಮುಚ್ಚುವ ಫ್ಲೆಕ್ಸಿನ ಮೇಲಲ್ಲದೆ, ಕಮಾನಿನ ಕೆಳಗಿನ ಪಟ್ಟಿಯಲ್ಲಿ ಬರೆಸಿದ್ದಾದರೆ ಇನ್ನೂ ಸಂತೋಷ.

ಬೀದಿವ್ಯಾಪಾರಿಗಳ 2014ರ ಕಾಯ್ದೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ರಷ್ಟು ಸ್ಥಾನ ವ್ಯಾಪಾರಿಗಳಿಗೇ ಕೊಟ್ಟಿದೆ. ಮೊಳ ಹಾಕುವ ಹೆಂಗಸಿಗೆ ಕಂಬ ಕಂಬದ ನಡುವೆ ಬಣ್ಣದ ಗೆರೆಯಲ್ಲಿ ಒಂದು ಜಾಗ ಗುರುತಾಗಬೇಕಾದದ್ದು ಅಲ್ಲಿ ಕೂತು. ಅವಳು ಒತ್ತುವರಿ ಅಲ್ಲ, ಈ ಬೀದಿಯ ಪರಿಮಳವೇ ಅವಳಿಂದ.

ಉತ್ತರಕ್ಕೆ ನಡೆಯುತ್ತಾ ಹೋದಂತೆ ಸೀರೆ, ಬೆಳ್ಳಿ, ಪಾತ್ರೆ ಹಿಂದಾಗುತ್ತವೆ. ಬಂಬೂ ಬಜಾರಿನಲ್ಲಿ ಸರಕೇ ಬೇರೆ. ಬಿದಿರಿನ ಬೊಂಬುಗಳನ್ನು ಮಲಗಿಸಬೇಕು, ಇಲ್ಲವೇ ಗೋಡೆಗೆ ಆನಿಸಿ ನಿಲ್ಲಿಸಬೇಕು. ಏಣಿ ಕಟ್ಟುವವನಿಗೆ ಕಾಲು ಚಾಚಿ ಕೂರುವ ನೆಲ, ಗಾಡಿ ತಿರುಗಿಸುವ ತೆರವು ಬೇಕು. ಮಾರುಕಟ್ಟೆಯ ಮುಂದೆ ಸರಿಹೋದ ಪಡಸಾಲೆಯ ಅಳತೆ ಇಲ್ಲಿ ಸಲ್ಲದು. ಮಹಾಯೋಜನೆಯ ನಕ್ಷೆಯಲ್ಲಿ ಈ ಎರಡು ತುದಿಗೂ ಬಳಿಯುವ ಬಣ್ಣ ಒಂದೇ. ನಿಯಮ ಬರೆಯುವ ಎಂಜಿನಿಯರ್ ಈ ರಸ್ತೆಯನ್ನು ಕೆ.ಆರ್. ವೃತ್ತದಿಂದ ಬನ್ನಿಮಂಟಪದವರೆಗೆ ಕಾಲ್ನಡಿಗೆಯಲ್ಲಿ ಬರಲಿ, ಟೇಪಿನ ಇನ್ನೊಂದು ತುದಿ ಹಿಡಿಯಲು ಅಂಗಡಿಯವರನ್ನೇ ಕರೆಯಲಿ, ನೂರಡಿಗೊಮ್ಮೆ ನಿಂತು ಅಳತೆ ಬರೆದುಕೊಳ್ಳಲಿ.